ಅಂಗೈ ಕಂಪ್ಯೂಟರಿನಿಂದ ಕನ್ನಡದ ರಸೀದಿ

ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು ಎಂಬ ಒಂದೇ ಬೋರ್ಡಿನ ಕಂಪ್ಯೂಟರಿಗೆ ಪುಟ್ಟ ಪರದೆಯನ್ನೂ ಬ್ಯಾಟರಿಯನ್ನೂ ಕೂಡಿಸಿದರೆ ಜೇಬಿನಲ್ಲಿ ಹಿಡಿಸುವ ಲಿನಕ್ಸ್ ಕಂಪ್ಯೂಟರ್ ಸಿದ್ಧ. ಅಂಗಡಿಗಳಲ್ಲಿ ಬಿಲ್ ಕೊಡುವ 58 ಮಿಲಿಮೀಟರ್ ಥರ್ಮಲ್ ಪ್ರಿಂಟರನ್ನು (ಶಾಯಿಯಿಲ್ಲದೆ ಶಾಖದಿಂದ ಮುದ್ರಿಸುವ ಯಂತ್ರವನ್ನು) ಇದಕ್ಕೆ ಜೋಡಿಸಬಹುದು. ತೊಡಕು ಬರುವುದು ಎರಡೇ ಕಡೆ: ಕರೆಂಟಿನಲ್ಲಿ ಮತ್ತು ಕನ್ನಡದಲ್ಲಿ.

ಮೊದಲು ಕೇಬಲ್. ಬೋರ್ಡಿನಲ್ಲಿ ಅವಳಿಗಳಂತಹ ಎರಡು ಮೈಕ್ರೊ ಯುಎಸ್‌ಬಿ ಪೋರ್ಟ್‌ಗಳಿವೆ. ಮೂಲೆಯದು ವಿದ್ಯುತ್ತಿಗೆ ಮಾತ್ರ. ಪಕ್ಕದ, ನಡುವಿನತ್ತ ಇರುವ ಪೋರ್ಟಿಗೆ ಒಟಿಜಿ ಕೇಬಲ್ (ಬೇರೆ ಸಾಧನಗಳನ್ನು ಬೋರ್ಡಿಗೆ ಜೋಡಿಸುವ ಕೇಬಲ್) ಹಾಕಿ. ಹಳೆಯ ಮೊಬೈಲ್ ಚಾರ್ಜರಿನ ಕೇಬಲ್ ನೋಡಲು ಹಾಗೆಯೇ ಇದ್ದರೂ ಇಲ್ಲಿ ನಡೆಯದು. ಒಟಿಜಿ ಕೇಬಲಿನ ಮೈಕ್ರೊ ತುದಿಯಲ್ಲಿ ಐಡಿ ಎಂಬ ನಾಲ್ಕನೆಯ ಪಿನ್ನನ್ನು ಗ್ರೌಂಡಿಗೆ ಸೇರಿಸಿರುತ್ತಾರೆ. ಈ ಜೋಡಣೆಯಲ್ಲಿ ಯಜಮಾನ ಯಾರು ಎಂಬುದಕ್ಕೆ ಅದೇ ಗುರುತು.

ಇರುವ ಒಂದೇ ಪೋರ್ಟಿನಲ್ಲಿ ಕೀಬೋರ್ಡ್, ಪೆನ್‌ಡ್ರೈವ್, ಪ್ರಿಂಟರ್ ಮೂರೂ ಬೇಕೆಂದರೆ ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬೇಕು. ಸ್ವಂತ ಅಡಾಪ್ಟರ್ ಇರುವ ಹಬ್ಬನ್ನೇ ಕೊಳ್ಳಿ. ಒಮ್ಮೆ ನಾನು ಜಿಪುಣತನ ಮಾಡಿ, ಯುಎಸ್‌ಬಿಯಿಂದಲೇ ವಿದ್ಯುತ್ ಎಳೆಯುವ ಪ್ರಿಂಟರನ್ನು ಸಾದಾ ಹಬ್ಬಿಗೆ ಚುಚ್ಚಿದೆ. ಅಕ್ಷರಗಳು ಸಲೀಸಾಗಿ ಬಂದವು. ಕ್ಯುಆರ್ ಕೋಡಿನ ಸರದಿ ಬಂದೊಡನೆ ಕಂಪ್ಯೂಟರ್ ಆರಿಹೋಗಿ ಮತ್ತೆ ಹೊತ್ತಿಕೊಂಡಿತು. ಕಪ್ಪು ಹೆಚ್ಚಿದಷ್ಟೂ ಒಮ್ಮೆಗೇ ಬಿಸಿಯಾಗಬೇಕಾದ ಚುಕ್ಕೆಗಳು ಹೆಚ್ಚು, ಕರೆಂಟೂ ಹೆಚ್ಚು.

ಈಗ ಟರ್ಮಿನಲ್ (ಆಜ್ಞೆ ಟೈಪಿಸುವ ಕಿಟಕಿ) ತೆರೆದು, ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಡಿ. ಪಟ್ಟಿಯಲ್ಲಿ ಪ್ರಿಂಟರ್ ಕಂಡರೆ ಡೆವ್ ಫೋಲ್ಡರಿನ ಯುಎಸ್‌ಬಿ ಒಳಫೋಲ್ಡರಿನಲ್ಲಿ ಎಲ್‌ಪಿ0 ಎಂಬ ಕಡತ ಹುಡುಕಿ. ಅನುಮತಿ ಇಲ್ಲವೆಂದು ತಕರಾರು ಬಂದರೆ ನಿಮ್ಮ ಹೆಸರನ್ನು ಎಲ್‌ಪಿ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಆ ಕಡತಕ್ಕೆ ಇಂಗ್ಲಿಷಿನ ಒಂದು ಸಾಲು ಕಳುಹಿಸಿ ನೋಡಿ. ಕಾಗದ ಖಾಲಿಯಾಗಿಯೇ ಹೊರಬಂದರೆ ಸುರುಳಿ ತಿರುವುಮುರುವಾಗಿದೆ. ಉಗುರಿನಿಂದ ಗೀರಿದಾಗ ಕಪ್ಪಾಗುವ ಮುಖವೇ ಪ್ರಿಂಟರಿನ ತಲೆಯ ಕಡೆಗಿರಬೇಕು.

ಅದೇ ಉಮೇದಿನಲ್ಲಿ ಕನ್ನಡ ಕಳುಹಿಸಿದರೆ ಚೀನೀ ಅಕ್ಷರಗಳೋ ಗುರುತು ಸಿಗದ ಚಿಹ್ನೆಗಳೋ ಬರುತ್ತವೆ. ಈ ಅಗ್ಗದ ಯಂತ್ರಗಳೊಳಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ನಮಗೆ ಒಂದೇ ಅಕ್ಷರವಾದ ‘ಕ್ಷ’ ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಒಂಬತ್ತು ಬೈಟ್. ಯಂತ್ರ ಅದನ್ನು ತನಗೆ ತಿಳಿದಂತೆ ತುಂಡರಿಸುತ್ತದೆ. ಹಾಗಾಗಿ ರಸೀದಿಯನ್ನು ಚಿತ್ರವಾಗಿ ಕಳುಹಿಸುವುದೇ ದಾರಿ. 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವ ಅಗಲ 48 ಮಾತ್ರ. ಮಿಲಿಮೀಟರಿಗೆ 8 ಚುಕ್ಕೆಯಂತೆ ಒಟ್ಟು 384. ಚಿತ್ರದ ಅಗಲವನ್ನು ಅಷ್ಟಕ್ಕೇ ನಿಲ್ಲಿಸಿ, ಬೂದುಬಣ್ಣ ಬಿಟ್ಟು ಶುದ್ಧ ಕಪ್ಪುಬಿಳುಪು ಮಾಡಿ, ರಸೀದಿ ಪ್ರಿಂಟರಿಗೆ ಆಜ್ಞೆ ಕಳುಹಿಸುವ, ಪೈಥಾನ್ ಭಾಷೆಯ ಇಎಸ್‌ಸಿ-ಪಿಒಎಸ್ ಲೈಬ್ರರಿಯ ಮೂಲಕ ಕಳುಹಿಸಿ. ಚಿತ್ರ ಬರೆಯಲು ಪೈಥಾನಿನ ಪಿಲ್ಲೊ ಲೈಬ್ರರಿ ಬಳಸುವವರು, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಲೈಬ್ರರಿಯೂ ಜೊತೆಗಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಕೂರುವ ಬದಲು ಪಕ್ಕಕ್ಕೆ ಸರಿದು ಸಾಲುಗಟ್ಟುತ್ತವೆ. ಪರೀಕ್ಷೆಗೆ ‘ಸ್ವಾತಂತ್ರ್ಯ’ಕ್ಕಿಂತ ಒಳ್ಳೆಯ ಪದವಿಲ್ಲ. ಅಕ್ಷರದ ಗಾತ್ರ 32 ಚುಕ್ಕೆಗಿಂತ ಕಿರಿದಾದರೆ ಒತ್ತುಗಳ ಒಳಗಿನ ಬಿಳುಪು ಮುಚ್ಚಿಹೋಗುತ್ತದೆ ಎಂಬುದು ನನ್ನ ಅನುಭವ.

ಎಲ್ಲ ತಂತ್ರಾಂಶಗಳಿಂದಲೂ ಮುದ್ರಿಸಬೇಕಾದವರು ಮುದ್ರಣ ನಿರ್ವಹಿಸುವ ಕಪ್ಸ್ ತಂತ್ರಾಂಶ ಹಾಕಿಕೊಳ್ಳಬಹುದು. ಬ್ರೌಸರಿನಲ್ಲಿ ಅದೇ ಕಂಪ್ಯೂಟರಿನ 631ನೇ ನೆಟ್‌ವರ್ಕ್ ಪೋರ್ಟ್ ತೆರೆದರೆ ಅದರ ಪುಟ ಸಿಗುತ್ತದೆ. ಆದರೆ ಕಪ್ಸ್ ಮುದ್ರಿಸುತ್ತಿರುವಾಗ ಎಲ್‌ಪಿ0 ಕಡತ ಮಾಯವಾಗುವುದುಂಟು. ಕೇಬಲ್ ಕೆಟ್ಟಿದೆಯೆಂದು ಕಿತ್ತು ಹಾಕಬೇಡಿ. ಕೆಲಸ ಮುಗಿಯುವವರೆಗೆ ಕಾಯಿರಿ.