ಬಲೆಯ ಗಂಟು ಕಂಚಿಗಿಳಿದ ಬಗೆ

ಕಡಲತಡಿಯ ಊರೊಂದರ ಮೀನುಗಾರಿಕೆಯ ನೆನಪಿಗೆ ಶಿಲ್ಪ ಮಾಡಿಕೊಡಲು ಒಪ್ಪಿಕೊಂಡಾಗ ನನ್ನ ಕಣ್ಣಮುಂದೆ ಬಂದದ್ದು ಹಗ್ಗ ಎಳೆಯುವ ಗಂಡಸು. ಮಣ್ಣಿನ ಮಾದರಿ ಮಾಡಿ ದೋಣಿಯವರಿಗೆ ತೋರಿಸಿದೆ. ಹಿರಿಯರೊಬ್ಬರು ತಲೆಯಾಡಿಸಿದರು. "ಇವನು ತೋಳಲ್ಲಿ ಎಳೀತಿದ್ದಾನೆ. ಹಿಮ್ಮಡಿ ಊರಿ ಮೈಭಾರ ಹಿಂದಕ್ಕೆ ಬಿಡಬೇಕು" ಎಂದು ನಿಂತು ತೋರಿಸಿಯೇಬಿಟ್ಟರು. ಪಕ್ಕದಲ್ಲಿದ್ದ ಅಮ್ಮ ಕೇಳಿದ್ದೇ ಬೇರೆ: "ಬಲೆ ಹರಿದರೆ ಸರಿಮಾಡೋರು ಎಲ್ಲಿ?"

ಅಮೆರಿಕದ ಗ್ಲಾಸ್ಟರ್ ಬಂದರು ನೆನಪಾಯಿತು. ಅಲ್ಲಿ ಲೆನರ್ಡ್ ಕ್ರಾಸ್ಕ್ ಮಾಡಿದ, ಚುಕ್ಕಾಣಿ ಹಿಡಿದ ಮೀನುಗಾರನ ಕಂಚಿನ ಪ್ರತಿಮೆ 1925ರಲ್ಲೇ ನಿಂತಿತು. ಮೀನುಗಾರರ ಹೆಂಡಂದಿರ ಸ್ಮಾರಕ ಬಂದಿದ್ದು 2001ರಲ್ಲಿ. ಅಷ್ಟು ಕಾಯಿಸುವುದು ನನಗೆ ತಪ್ಪೆನಿಸಿತು. ಮಾದರಿ ಒಡೆದೆ.

ಆಮೇಲೆ ದಿನಗಟ್ಟಲೆ ಆ ಅಮ್ಮನ ಪಕ್ಕ ಕೂತೆ. ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಸೆಳೆದು ಹಿಡಿಯುತ್ತಾರೆ. ಗಂಟು ಬಿಗಿಯುವಾಗ ಆ ಬೆರಳು ತುಸುವೇ ಬಾಗುತ್ತದೆ. ಮುಖಕ್ಕಿಂತ ಹೆಚ್ಚು ದಿನ ನಾನು ಕಳೆದದ್ದು ಆ ಬೆರಳಿನ ಮೇಲೆ. ಬಲೆಯನ್ನು ಮಾತ್ರ ಮಣ್ಣಿನಲ್ಲಿ ಮಾಡಲು ಹೋಗಲಿಲ್ಲ. ಅವರೇ ಸರಿಮಾಡಿದ ಹತ್ತಿ ಬಲೆಯ ತುಂಡನ್ನು ಕೇಳಿ ಪಡೆದು, ಮೇಣದಲ್ಲಿ ಅದ್ದಿ ಎರಕಕ್ಕೆ ಕೊಟ್ಟೆ. ಅಚ್ಚು ಕಾಯಿಸುವಾಗ ಮೇಣ ಕರಗಿ ಹರಿಯಿತು, ನೂಲು ಸುಟ್ಟು ಬೂದಿಯಾಯಿತು. ಅದು ಬಿಟ್ಟುಹೋದ ಜಾಗಕ್ಕೆ ಕಂಚು ಇಳಿಯಿತು.

ತಣಿಯುವಾಗ ಕಂಚು ಶೇಕಡ 2ರ ಆಸುಪಾಸು ಕುಗ್ಗುತ್ತದೆ, ಅಳತೆ ಅದಕ್ಕೆ ತಕ್ಕಂತೆ ಇಟ್ಟುಕೊಂಡಿದ್ದೆ. ಎಡವಿದ್ದು ಬೋಲ್ಟಿನಲ್ಲಿ. ಕಟ್ಟೆಗೆ ಬಿಗಿದದ್ದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ವರ್ಷ ತುಂಬುವ ಮೊದಲೇ ಕಂದು ಕಲೆ ಇಳಿಯತೊಡಗಿತು. ಉಪ್ಪುಗಾಳಿಗೆ ಮಾಲಿಬ್ಡಿನಂ ಸೇರಿದ 316 ಬೇಕು, ಕಂಚಿಗೆ ನೇರ ತಾಗದಂತೆ ನಡುವೆ ನೈಲಾನ್ ವಾಷರ್ ಕೂಡ. ಎಲ್ಲ ಬಿಚ್ಚಿ ಬದಲಿಸಿದೆ. ಒಳಗೆ ಕಬ್ಬಿಣದ ಸರಳು ಉಳಿಸಲೇಬೇಡಿ: ಕಂಚಿನ ಸಹವಾಸದಲ್ಲಿ ಅದು ಬೇಗ ತುಕ್ಕು ಹಿಡಿದು ಉಬ್ಬುತ್ತದೆ. ತಳದಲ್ಲಿ ನೀರು ಬಸಿಯಲು ತೂತೂ ಇರಲಿ.

ವರ್ಷಕ್ಕೆ ಎರಡು ಸಲ ಹೋಗಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮೇಣ ಹಚ್ಚಿ ಬರುತ್ತೇನೆ. ಉಪ್ಪು ಕೂರುವುದು ಗಂಟುಗಳ ಸಂದಿಯಲ್ಲೇ, ಅಲ್ಲಿಗೆ ಮೆತ್ತನೆಯ ಬ್ರಷ್ಷೇ ಆಗಬೇಕು. ಕಳೆದ ಸಲ ಆ ಅಮ್ಮನೂ ಬಂದಿದ್ದರು. ಗಂಟುಗಳನ್ನು ಒಂದೊಂದಾಗಿ ಸವರುತ್ತಾ ಹೋಗಿ ಒಂದರ ಮೇಲೆ ಬೆರಳು ನಿಲ್ಲಿಸಿದರು. "ಇದು ನನ್ನದಲ್ಲ, ನನ್ನ ಅತ್ತೆ ಹಾಕಿದ್ದು" ಎಂದರು.