ನೂರು ದಿನದ ವಿದೇಶ ಸುತ್ತಾಟ: ಯಾವ ದೇಶ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಮೂರು ತಿಂಗಳ ರಜೆ ಮಂಜೂರಾದ ಕೂಡಲೇ ಎಲ್ಲರೂ ಮಾಡುವ ಕೆಲಸ, ಭೂಪಟ ತೆರೆದು ಊರಿಂದೂರಿಗೆ ಗೆರೆ ಎಳೆಯುವುದು. ಭಾರತದ ಪಾಸ್‌ಪೋರ್ಟ್ ಇರುವವರು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ವೀಸಾ, ಆಮೇಲೆ ಹವಾಮಾನ, ಆಮೇಲೆ ದುಡ್ಡು. ಈ ಮೂರರಲ್ಲೂ ಉಳಿದುಕೊಂಡ ದೇಶಗಳಿಗೆ ಮಾತ್ರ ಗೆರೆ.

ಆಸೆಯ ದೇಶಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಹನ್ನೆರಡಾದರೂ ಪರವಾಗಿಲ್ಲ. ಅವನ್ನು ಮೂರು ಗುಂಪು ಮಾಡಿ. ಪಾಸ್‌ಪೋರ್ಟ್ ಒಪ್ಪಿಸಿ ಸ್ಟಿಕರ್ ಹಾಕಿಸಿಕೊಳ್ಳಬೇಕಾದವು ಒಂದು ಗುಂಪು: ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಇಲ್ಲಿ ಒಂದೆಂದೇ ಲೆಕ್ಕ), ಅಮೆರಿಕ ಇಲ್ಲಿ ಬರುತ್ತವೆ. ಮನೆಯಲ್ಲೇ ಕೂತು ಇ-ವೀಸಾ ತೆಗೆಯಬಹುದಾದವು ಎರಡನೆಯದು: ವಿಯೆಟ್ನಾಂ, ಉಜ್ಬೇಕಿಸ್ತಾನದಂಥವು. ವೀಸಾ ಇಲ್ಲದೆ ಬಿಡುವ ನೇಪಾಳ, ಕಜಕಸ್ತಾನಗಳಂಥವು ಮೂರನೆಯದು. ಮೊದಲ ಗುಂಪಿನಿಂದ ಒಂದನ್ನು, ಹೆಚ್ಚೆಂದರೆ ಎರಡನ್ನು ಇಟ್ಟುಕೊಳ್ಳಿ. ಷೆಂಗೆನ್ ಅರ್ಜಿಯನ್ನು ನೀವು ವಾಸಿಸುವ ದೇಶದಲ್ಲೇ ಹಾಕಬೇಕು. ಬ್ಯಾಂಕಾಕ್‌ನಲ್ಲೋ ತಾಷ್ಕೆಂಟ್‌ನಲ್ಲೋ ಪ್ರವಾಸಿಯಾಗಿ ಇದ್ದುಕೊಂಡು ಹಾಕಲು ಹೋದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಸ್ಟಿಕರ್ ದೇಶವನ್ನು ಪ್ರವಾಸದ ತಲೆಗೇ ಇಡುವುದು ಲೇಸು. ಷೆಂಗೆನ್ ವೀಸಾದ ತಾರೀಖು ಸಾಮಾನ್ಯವಾಗಿ ನೀವು ಕೊಟ್ಟ ಪ್ರಯಾಣದ ತಾರೀಖಿಗೆ ಬಿಗಿಯಾಗಿರುತ್ತದೆ. ಅದಕ್ಕೂ ಮೊದಲಿನ ದೇಶದಲ್ಲಿ ಹತ್ತು ದಿನ ತಡವಾದರೆ ಆ ಹತ್ತು ದಿನ ಹೋದ ಹಾಗೆಯೇ.

ಇನ್ನು ಶುಲ್ಕವನ್ನು ದಿನಕ್ಕೆ ಭಾಗಿಸಿ ನೋಡಿ. ಷೆಂಗೆನ್ ಶುಲ್ಕ 90 ಯೂರೋ. ಆರು ದಿನಕ್ಕೆ ಹೋದರೆ ದಿನಕ್ಕೆ 15 ಯೂರೋ ವೀಸಾಕ್ಕೇ ಆಯಿತು; 36 ದಿನ ಇದ್ದರೆ ಎರಡೂವರೆ. ಅರ್ಜಿ ಕೇಂದ್ರದ ಸೇವಾಶುಲ್ಕ, ವಿಮೆ ಇದರ ಮೇಲೆ. ‘ಹೇಗೂ ಆ ಕಡೆ ಹೋಗ್ತಿದೀವಿ, ನಾಲ್ಕು ದಿನ ಪ್ಯಾರಿಸ್ ನೋಡಿಬಿಡೋಣ’ ಎನ್ನುವ ಯೋಚನೆ ಇಲ್ಲೇ ಬಿದ್ದುಹೋಗುತ್ತದೆ. ದುಬಾರಿ ವೀಸಾದ ದೇಶಕ್ಕೆ ಹೆಚ್ಚು ದಿನ ಕೊಡಿ, ಇಲ್ಲವೇ ಪೂರ್ತಿ ಬಿಡಿ.

ಹವಾಮಾನದ ವಿಷಯದಲ್ಲಿ ದೇಶದ ಹೆಸರು ಹಿಡಿದು ಹುಡುಕಬೇಡಿ, ಊರಿನ ಹೆಸರು ಹಿಡಿಯಿರಿ. ಥಾಯ್ಲೆಂಡಿನ ಫುಕೆಟ್, ಕ್ರಾಬಿ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಅದೇ ದೇಶದ ಕೊ ಸಮುಯಿಯಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಚಿಯಾಂಗ್ ಮಾಯ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಳೆಯಿಲ್ಲ, ಆದರೆ ಹೊಲ-ಕಾಡುಗಳ ಬೆಂಕಿಯ ಹೊಗೆ ಕವಿದಿರುತ್ತದೆ. ವಿಯೆಟ್ನಾಮಿನ ಹೊಯ್ ಆನ್‌ನಲ್ಲಿ ಅಕ್ಟೋಬರ್-ನವೆಂಬರ್ ಎಂದರೆ ಬೀದಿಗೆ ಹೊಳೆ ನೀರು ನುಗ್ಗುವ ಕಾಲ.

ದೇಶಗಳ ಸಂಖ್ಯೆಗೂ ಲೆಕ್ಕವಿದೆ. ಮೂರು ದಿನಕ್ಕೊಮ್ಮೆ ಊರು ಬದಲಿಸಿದರೆ 90 ದಿನದಲ್ಲಿ 30 ಸಲ ಗಂಟು ಕಟ್ಟಬೇಕು. ಪ್ರತಿ ಸಲ ಅರ್ಧ ದಿನ ಹೋದರೂ 15 ದಿನ ಬಸ್ ನಿಲ್ದಾಣದ ಪಾಲು. 90 ದಿನಕ್ಕೆ ಐದಾರು ದೇಶ ಸಾಕು. ಪ್ರತಿ ತಿಂಗಳು ಎರಡು ದಿನ ಬಟ್ಟೆ ಒಗೆಯಲು, ಸುಮ್ಮನೆ ಬಿದ್ದುಕೊಳ್ಳಲು ಬೇಕೇಬೇಕು.

ಒಂದು ಉದಾಹರಣೆ ಕಟ್ಟೋಣ. ಆಗಸ್ಟ್ 1ಕ್ಕೆ ಬೆಂಗಳೂರಿನಿಂದ ಹೊರಟು ನವೆಂಬರ್ ಮೊದಲ ವಾರ ವಾಪಸ್. ಆಗಸ್ಟಿನಲ್ಲಿ ಇಟಲಿ, ಗ್ರೀಸ್ ಸುಡುತ್ತವೆ, ಜನಜಂಗುಳಿ ಬೇರೆ. ಆದ್ದರಿಂದ ಉತ್ತರಕ್ಕೆ: ಜರ್ಮನಿ 11 ದಿನ, ಲಿಥುವೇನಿಯ 9, ಪೋಲೆಂಡ್ 16. ಸೆಪ್ಟೆಂಬರಿನಲ್ಲಿ ಜಾರ್ಜಿಯ 24 ದಿನ. ಸ್ವಾನೆತಿಯ ಬೆಟ್ಟದ ದಾರಿಗಳಿಗೆ ಇನ್ನೂ ಹಿಮ ಮುಚ್ಚಿರುವುದಿಲ್ಲ, ಕಖೇತಿಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗಿರುತ್ತದೆ. ಸೆಪ್ಟೆಂಬರ್ ಕೊನೆಗೆ ಕಜಕಸ್ತಾನದ ಅಲ್ಮಾಟಿಯ ಸುತ್ತ 12 ದಿನ. ಅಕ್ಟೋಬರಿನಲ್ಲಿ ಉಜ್ಬೇಕಿಸ್ತಾನದ ಸಮರ್ಖಂಡ್, ಬುಖಾರಾ, ಖೀವಾ 18 ದಿನ. ಇದೇ ದಾರಿಯನ್ನು ತಿರುಗಿಸಿ ಉಜ್ಬೇಕಿಸ್ತಾನದಿಂದ ಆರಂಭಿಸಿದರೆ ಆಗಸ್ಟಿನ ಆ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಕೋಣೆಯೊಳಗೇ. ಒಟ್ಟು 90 ದಿನವಾಯಿತು. ಏಳೆಂಟು ದಿನ ಯಾವ ದೇಶಕ್ಕೂ ಬರೆಯದೆ ಕೈಯಲ್ಲಿರಲಿ.

ಈ ಯೋಜನೆಯ ಕಷ್ಟವೆಲ್ಲ ಷೆಂಗೆನ್‌ನಲ್ಲಿದೆ. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ಇಲ್ಲಿ ಅದು ಪೋಲೆಂಡ್. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ‘ಆ ದೇಶದವರು ಬೇಗ ಕೊಡ್ತಾರಂತೆ’ ಎಂದು ಅರ್ಜಿ ಒಂದು ಕಡೆ, ತಿರುಗಾಟ ಇನ್ನೊಂದು ಕಡೆ ಮಾಡಿದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಎದುರಾಗುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳೊಳಗೆ, ಕನಿಷ್ಠ 15 ದಿನ ಮೊದಲು ಸಲ್ಲಿಸಬಹುದು. ಆದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಅರ್ಜಿ ಕೇಂದ್ರದಲ್ಲಿ ಸ್ಲಾಟ್ (ಭೇಟಿಯ ಸಮಯ) ಸಿಗುವುದೇ ಕಷ್ಟ. ಆಗಸ್ಟ್ ಪ್ರಯಾಣಕ್ಕೆ ಮಾರ್ಚಿನಲ್ಲೇ ಸ್ಲಾಟ್ ಹುಡುಕಿ. ಬ್ಯಾಂಕ್ ಖಾತೆಗೆ ಅರ್ಜಿಗೆ ಹದಿನೈದು ದಿನ ಮುಂಚೆ ಯಾರಿಂದಲೋ ತಂದು ಮೂರು ಲಕ್ಷ ತುಂಬುವುದು ಅನುಮಾನ ಹುಟ್ಟಿಸುತ್ತದೆ, ಅದಕ್ಕಿಂತ ತಿಂಗಳು ತಿಂಗಳು ಬರುವ ಸಂಬಳವೇ ಬಲವಾದ ಸಾಕ್ಷಿ.

ಸ್ಟಿಕರ್ ಕೈಗೆ ಬಂದಾಗ ಎರಡು ಸಂಖ್ಯೆ ಓದಿ: ಎಲ್ಲಿಂದ ಎಲ್ಲಿಯವರೆಗೆ ಎಂಬ ತಾರೀಖು, ಮತ್ತು ಎಷ್ಟು ದಿನ ಇರಬಹುದು ಎಂಬುದು. ಇವೆರಡೂ ಒಂದೇ ಅಲ್ಲ. ನೀವು 36 ದಿನ ಕೇಳಿ 30 ಕೊಟ್ಟಿದ್ದರೆ 30ನೇ ದಿನ ಹೊರಗಿರಬೇಕು. ಬಂದ ದಿನ, ಹೋಗುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಹೀಗಾಗಿ ವೀಸಾ ಬರುವವರೆಗೆ ಮುಂದಿನ ದೇಶಗಳ ಟಿಕೆಟಿಗೆ ದುಡ್ಡು ಕಟ್ಟಬೇಡಿ.

ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದರೆ ಜಾರ್ಜಿಯಕ್ಕೆ ಬೇರೆ ವೀಸಾ ಬೇಡ. ಆದರೆ ನಿಮ್ಮದು ಒಂದೇ ಪ್ರವೇಶದ್ದಾಗಿ, ಅದನ್ನು ಬಳಸಿ ಹೊರಬಂದಿದ್ದರೆ ಇದನ್ನು ನಂಬಿಕೊಳ್ಳಬೇಡಿ, ಜಾರ್ಜಿಯದ ಇ-ವೀಸಾ ಮೊದಲೇ ತೆಗೆದುಕೊಳ್ಳಿ. ಹೋಟೆಲ್, ಹೊರಡುವ ಟಿಕೆಟ್, ವಿಮೆಯ ಕಾಗದ ಮುದ್ರಿಸಿ ಇಟ್ಟುಕೊಳ್ಳಿ. ಗಡಿಯಲ್ಲಿ ಫೋನ್ ತೋರಿಸಿ ವಾದಿಸುವುದು ಉಪಯೋಗಕ್ಕೆ ಬರುವುದಿಲ್ಲ. ಕಜಕಸ್ತಾನ ವೀಸಾ ಇಲ್ಲದೆ ಕೊಡುವುದು ಒಂದು ಸಲಕ್ಕೆ 14 ದಿನ. ನಾವು 12 ಬರೆದದ್ದು ಅದಕ್ಕೇ, ವಿಮಾನ ರದ್ದಾದರೆ ಎರಡು ದಿನ ಇರಲಿ ಎಂದು. ಈ ರಿಯಾಯಿತಿಗಳು ಬದಲಾಗುತ್ತಿರುತ್ತವೆ. ಹೊರಡುವ ತಿಂಗಳು ಆಯಾ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ಇನ್ನೊಮ್ಮೆ ನೋಡಿ.

ವಿಮೆಯನ್ನು ಊರು ಬಿಡುವ ಮೊದಲೇ ಇಡೀ ಅವಧಿಗೆ, ಎಲ್ಲ ದೇಶಗಳ ಹೆಸರು ಸೇರುವಂತೆ ಮಾಡಿಸಿ. ಷೆಂಗೆನ್‌ಗೆ ಕನಿಷ್ಠ 30,000 ಯೂರೋ ರಕ್ಷಣೆ ಬೇಕು. ಷೆಂಗೆನ್ ದೇಶಗಳಿಗಷ್ಟೇ ಮಾಡಿಸಿದ ಅಗ್ಗದ ಪಾಲಿಸಿ ಅಲ್ಮಾಟಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಊಟದ್ದೂ ಒಂದು ಮಾತು, ಸಸ್ಯಾಹಾರಿಗಳಿಗೆ ಇದರಿಂದಲೇ ದೇಶ ಬದಲಾಗಬಹುದು. ಜಾರ್ಜಿಯದಲ್ಲಿ ಹುರುಳಿಕಾಯಿ ಜಾತಿಯ ಕಾಳಿನ ಲೋಬಿಯೊ, ಅಕ್ರೋಟಿನ ಮಸಾಲೆ ತುಂಬಿದ ಬದನೆ, ಚೀಸ್ ತುಂಬಿದ ಖಚಾಪುರಿ ಎಲ್ಲೆಡೆ ಸಿಗುತ್ತವೆ. ಕಜಕಸ್ತಾನದಲ್ಲಿ ಮಾಂಸವೇ ಊಟ. ಅಡುಗೆಮನೆ ಇರುವ ಕೋಣೆ ಹಿಡಿಯಿರಿ, ಇಲ್ಲವೇ ಅಲ್ಲಿನ ದಿನಗಳನ್ನು ಆರಕ್ಕೆ ಇಳಿಸಿ ಉಳಿದದ್ದನ್ನು ಜಾರ್ಜಿಯಕ್ಕೆ ಕೊಡಿ.

ಈ ಪಟ್ಟಿಗೆ ಕೀನ್ಯಾ, ಇಥಿಯೋಪಿಯ ಅಥವಾ ಬ್ರೆಜಿಲ್ ಸೇರಿಸುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ನೇರ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.