ಗುಡ್ಡದ ಬೆಂಕಿ: ಉರಿ ಆರಿದ ಮೇಲೇ ನಿಜವಾದ ಕೆಲಸ

ಫೆಬ್ರುವರಿ ಬಂತೆಂದರೆ ಮೂಡಿಗೆರೆ, ಸಕಲೇಶಪುರ ಕಡೆಯ ಗುಡ್ಡಗಳಿಗೆ ಬೆಂಕಿ ಬೀಳುವುದು ಹೊಸದೇನಲ್ಲ. ಅಗ್ನಿಶಾಮಕ ವಾಹನ ರಸ್ತೆ ಮುಗಿದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲೆ ಒಂದಿಷ್ಟು ಅರಣ್ಯ ಸಿಬ್ಬಂದಿ, ಊರಿನ ಹುಡುಗರು, ಗುದ್ದಲಿ, ಹಸಿ ಸೊಪ್ಪು, ಅಷ್ಟೇ. ಅಷ್ಟರಲ್ಲೇ ಬೆಂಕಿ ಆರಿಸುತ್ತಾರೆ ಕೂಡ. ಆದರೆ ಸಂಜೆ ಆರಿಸಿದ್ದು ಮರುದಿನ ಮಧ್ಯಾಹ್ನ ಮತ್ತೆ ಏಳುತ್ತದೆ. ಪ್ರತಿ ಬೇಸಿಗೆಯಲ್ಲೂ ಇದೇ ಕಥೆ.

1. ಹೊರಡುವ ಮುಂಚೆ 112ಕ್ಕೂ ಹತ್ತಿರದ ಅರಣ್ಯ ಕಚೇರಿಗೂ ಹೇಳಿ. ತುಂಬು ತೋಳಿನ ಹತ್ತಿ ಬಟ್ಟೆ, ಚರ್ಮದ ಬೂಟು ಹಾಕಿ. ನೈಲಾನ್ ಜಾಕೆಟ್, ಪಾಲಿಯೆಸ್ಟರ್ ಜೆರ್ಸಿ ಬೇಡವೇ ಬೇಡ. ಬಿಸಿಗೆ ಕರಗಿ ಮೈಗೆ ಅಂಟುತ್ತವೆ.

2. ಬೆಂಕಿ ಪೂರ್ತಿ ಕಾಣುವ ಜಾಗದಲ್ಲಿ ಒಬ್ಬ ಸೀಟಿ ಹಿಡಿದು ನಿಲ್ಲಲಿ. ಫೋನ್ ನಂಬಬೇಡಿ.

3. ಬೆಂಕಿಯ ಹಿಂಬದಿಯಿಂದ, ಅಂದರೆ ಅದು ಸುಟ್ಟು ಮುಂದೆ ಹೋದ ಕಡೆಯಿಂದ ಶುರು ಮಾಡಿ. ರಸ್ತೆ, ಹಳ್ಳ ಅಥವಾ ಬಂಡೆ ಇರುವ ಕಡೆಯಿಂದ ಹಿಡಿದು, ಪಕ್ಕದಿಂದ ಒತ್ತುತ್ತಾ ಮುಂದೆ ಹೋಗಿ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಮೇಲಿನ ಹುಲ್ಲನ್ನು ಮೊದಲೇ ಕಾಯಿಸುತ್ತಾ ಹೋಗುವುದರಿಂದ ನಿಮಗಿಂತ ಜೋರಾಗಿ. ಹಾಗಾಗಿ ಅದರ ಮೇಲ್ಗಡೆ ನಿಲ್ಲಬೇಡಿ. ಕಿರಿದಾದ ಕೊರಕಲಿಗೂ ಇಳಿಯಬೇಡಿ. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ತರಬೇತಿ ಇದ್ದವರಿಗೇ ಹಾಗಾದರೆ ನಮ್ಮ ನಿಮ್ಮ ಗತಿ? ಓಡಬೇಕಾಗಿ ಬಂದರೆ ಪೂರ್ತಿ ಸುಟ್ಟು ಆರಿದ ಕಪ್ಪು ನೆಲಕ್ಕೆ ಓಡಿ. ಅಲ್ಲಿ ಮತ್ತೆ ಉರಿಯಲು ಏನೂ ಉಳಿದಿರುವುದಿಲ್ಲ.

ಸೊಪ್ಪನ್ನು ತಲೆ ಮೇಲೆ ಎತ್ತಿ ಬಡಿದರೆ ಕಿಡಿ ಹಾರುತ್ತದೆ. ಉರಿಯ ಮೇಲಿಟ್ಟು ಒತ್ತಿ, ಸುಟ್ಟ ಕಡೆಗೆ ಎಳೆಯಿರಿ. ‘ಎದುರು ಬೆಂಕಿ ಕೊಟ್ಟುಬಿಡೋಣ, ಬರುವ ಬೆಂಕಿಯ ಮುಂದಿನ ಹುಲ್ಲನ್ನು ನಾವೇ ಸುಟ್ಟುಬಿಡೋಣ’ ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಅವರ ಜೇಬಿನಿಂದ ಬೆಂಕಿಪೊಟ್ಟಣ ತೆಗೆದಿಟ್ಟುಕೊಳ್ಳಿ. ಅದು ಇಲಾಖೆಯ ಅನುಭವಸ್ಥರ ಕೆಲಸ.

4. ಉರಿ ಆರಿತು, ಫೋಟೊ ತೆಗೆದಾಯಿತು. ಈಗ ಎಲ್ಲರಿಗೂ ಮನೆ ನೆನಪಾಗುತ್ತದೆ, ಅಲ್ವಾ? ಹೋಗಬೇಡಿ.

ಮೊದಲು ಸುಟ್ಟ ಜಾಗದ ಅಂಚಿನುದ್ದಕ್ಕೂ ತರಗೆಲೆ ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ. ಆಮೇಲೆ ಅಂಚಿನಿಂದ ಸುಮಾರು 30 ಅಡಿ ಒಳಗಿನವರೆಗೆ ಒಂದು ಕೆಂಡವೂ ಉಳಿಯಬಾರದು. ನಡುವೆ ಎಲ್ಲೋ ಒಂದು ದಿಮ್ಮಿ ಹೊಗೆಯಾಡುತ್ತಿದ್ದರೆ ಬಿಡಿ. ಇರುವ ನಾಲ್ಕು ಜನರನ್ನು ಅಂಚಿಗೆ ಹಾಕಿ.

ಹುಡುಕಬೇಕಾದ್ದು ಒಣ ಸಗಣಿ, ಬಿದಿರು ಮೆಳೆಯ ಬುಡ, ಪೊಳ್ಳು ಮರ, ಕೊಳೆತ ಬೊಡ್ಡೆ. ಬೊಡ್ಡೆ ಮೇಲೆ ತಣ್ಣಗಿದ್ದರೂ ಬೇರಿನಲ್ಲಿ ಕೆಂಡ ಇರಬಹುದು, ಅಗೆದು ನೋಡಿ. ಅಡ್ಡ ಬಿದ್ದ ದಿಮ್ಮಿ ಇಳಿಜಾರಿನಲ್ಲಿ ಉರುಳಿದರೆ ಕೆಳಗೆ ಹೊಸ ಬೆಂಕಿ. ಅದನ್ನು ಮೇಲೆ–ಕೆಳಗೆ ಮುಖ ಮಾಡಿ ತಿರುಗಿಸಿ, ಇಲ್ಲವೇ ಕೆಳಗಡೆ ಸಣ್ಣ ಕಾಲುವೆ ತೋಡಿ. ಕತ್ತಿಯಿಂದ ಕೆಂಡ ಕೆರೆದು, ನೀರು ಹಾಕಿ, ಮಣ್ಣಲ್ಲಿ ಕಲಸಿ, ಮತ್ತೆ ನೀರು ಹಾಕಿ. ಸುಮ್ನೆ ಮಣ್ಣು ಮುಚ್ಚಿ ಹೋಗುವುದು ಎಲ್ಲರೂ ಮಾಡುವ ಶಾರ್ಟ್‌ಕಟ್. ಮುಚ್ಚಿದ ಕೆಂಡ ಒಳಗೇ ಬದುಕಿರುತ್ತದೆ.

ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್ ಇದಕ್ಕೆ ಸಾಕು. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ತರಗೆಲೆ ಒಳಗೆ ಚೆನ್ನಾಗಿ ಇಳಿಯುತ್ತದೆ. ಔಷಧಿ ಹೊಡೆದ ಸ್ಪ್ರೇಯರ್ ಆದರೆ ತೊಳೆದೇ ತನ್ನಿ. ಎಲೆ ಊದುವ ಬ್ಲೋವರ್ ಅಂಚಿನ ತರಗೆಲೆ ಸರಿಸಿ ಮಣ್ಣಿನ ಗೆರೆ ಬಿಡಿಸುವುದಕ್ಕೆ ಒಳ್ಳೆಯದು, ಕೆಂಡದ ಹತ್ತಿರ ಮಾತ್ರ ತರಬೇಡಿ. ಆನ್‌ಲೈನಲ್ಲಿ ಸಿಗುವ ಬೆಂಕಿಗೆ ಎಸೆಯುವ ಚೆಂಡು ಗುಡ್ಡಕ್ಕೆ ದಂಡ. ಆ ದುಡ್ಡಿಗೆ ಗುದ್ದಲಿ ಕೊಳ್ಳಿ.

ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ಇಲ್ಲ ಅನಿಸಿದ ಮೇಲೆ ಮುಟ್ಟಿ.

5. ಕತ್ತಲಾದ ಮೇಲೆ ಇನ್ನೊಂದು ಸುತ್ತು ಹಾಕಿ. ಹಗಲು ಕಾಣದ ಕೆಂಡ ಆಗ ಕಾಣುತ್ತದೆ. ಬೆಳಿಗ್ಗೆ ತಂಪಿನಲ್ಲಿ ಸಣ್ಣ ಹೊಗೆಯೂ ಗೊತ್ತಾಗುತ್ತದೆ. ಬಿಸಿಲು, ಗಾಳಿ ಜಾಸ್ತಿಯಾಗುವ ಮಧ್ಯಾಹ್ನಕ್ಕೆ ಇಬ್ಬರನ್ನಾದರೂ ತುಂಬಿದ ಸ್ಪ್ರೇಯರ್ ಜೊತೆ ಕಾವಲಿಗೆ ಬಿಡಿ. ಅವರಿಗೆ ಊಟ ಕಳಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒಂದು ಗಂಟೆಗೇ ಇಳಿದು ಬರುತ್ತಾರೆ.